ಕಾಯಿನ್ ಸೆಲ್ 9 ದಿನಕ್ಕೇ ಖಾಲಿ: ಚಿಪ್ ಮಲಗಿದ್ದರೂ ಕರೆಂಟ್ ಎಲ್ಲಿಗೆ ಹೋಗುತ್ತಿದೆ?

ಬಾಗಿಲು ಕಾಯುವವ

ಎಲ್ಲರಿಗೂ ನಮಸ್ಕಾರ. ಬಾಗಿಲು ತೆರೆದರೆ ಗೊತ್ತಾಗಲಿ ಅಂತ ಒಂದು ಸಣ್ಣ ಸೆನ್ಸರ್ ಮಾಡಿದ್ದೇನೆ. 3.3 ವೋಲ್ಟ್, 8 ಮೆಗಾಹರ್ಟ್ಸ್‌ನ ಆರ್ಡುಯಿನೋ ಪ್ರೋ ಮಿನಿ ಬೋರ್ಡ್, ಅದರಲ್ಲಿ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್. ಚೌಕಟ್ಟಿನಲ್ಲಿ ರೀಡ್ ಸ್ವಿಚ್ (ಅಯಸ್ಕಾಂತಕ್ಕೆ ಕೆಲಸ ಮಾಡುವ ಸ್ವಿಚ್), ಬಾಗಿಲಿನಲ್ಲಿ ಅಯಸ್ಕಾಂತ. ಸುದ್ದಿ ಕಳಿಸಲು ಎನ್‌ಆರ್‌ಎಫ್24ಎಲ್01+ ರೇಡಿಯೋ. ಸಿಆರ್2032 ಸೆಲ್ ನೇರವಾಗಿ ವಿಸಿಸಿ ಪಿನ್‌ಗೆ, ಅಂದರೆ ಚಿಪ್‌ಗೆ ವಿದ್ಯುತ್ ಹೋಗುವ ಕಾಲಿಗೆ.

ಚಿಪ್ ಸದಾ ಪವರ್-ಡೌನ್ ಮೋಡ್‌ನಲ್ಲಿ ಮಲಗಿರುತ್ತದೆ. ಸ್ವಿಚ್ ಅಲುಗಿದರೆ ಪಿನ್ ಚೇಂಜ್ ಇಂಟರಪ್ಟ್ (ಪಿನ್ ಬದಲಾದರೆ ಚಿಪ್ ಅನ್ನು ಎಬ್ಬಿಸುವ ಕರೆ) ಬರುತ್ತದೆ, ಎದ್ದು ಒಂದು ಪ್ಯಾಕೆಟ್ ಕಳಿಸಿ ಮತ್ತೆ ಮಲಗುತ್ತದೆ. ಗಂಟೆಗೊಮ್ಮೆ "ಬದುಕಿದ್ದೇನೆ" ಅಂತ ಹೇಳಲಿ ಎಂದು ವಾಚ್‌ಡಾಗ್ ಟೈಮರ್ (ಮಲಗಿದ ಚಿಪ್ ಅನ್ನು ಎಬ್ಬಿಸುವ ಒಳಗಿನ ಅಲಾರಂ) 8 ಸೆಕೆಂಡಿಗೆ ಇಟ್ಟು ಎಣಿಸುತ್ತೇನೆ.

ಡೇಟಾಶೀಟ್‌ನ ಮೊದಲ ಪುಟದಲ್ಲೇ ಪವರ್-ಡೌನ್‌ಗೆ 0.1 ಮೈಕ್ರೋಆಂಪ್ ಎಂದಿದೆ. ಸೆಲ್‌ನಲ್ಲಿ 220 ಮಿಲಿಆಂಪ್-ಅವರ್ ಇದೆ. ವರ್ಷಗಟ್ಟಲೆ ಬರಬೇಕಲ್ವಾ? ನನ್ನದು 9 ದಿನಕ್ಕೇ ಸತ್ತಿತು. ಇನ್ನೊಂದು ಹೊಸ ಸೆಲ್ ಹಾಕಿದೆ, ಅದೂ ಅಷ್ಟೇ ದಿನ. ಚಿಪ್ ಮಲಗುತ್ತಲೇ ಇಲ್ಲವೋ ಏನೋ?

ಹಳೇ ಜಂಪರ್

ಮೀಟರ್ ಹಿಡಿಯುವ ಮುಂಚೆಯೇ ನಿಮ್ಮ ಸೆಲ್ ಅರ್ಧ ಉತ್ತರ ಕೊಟ್ಟಿದೆ. 9 ದಿನ ಅಂದರೆ 216 ಗಂಟೆ. 220 ಅನ್ನು 216ರಿಂದ ಭಾಗಿಸಿ. ಹತ್ತಿರ ಹತ್ತಿರ 1 ಮಿಲಿಆಂಪ್.

ಚಿಪ್ ಎಚ್ಚರವಾಗಿದ್ದರೆ 3 ವೋಲ್ಟ್, 8 ಮೆಗಾಹರ್ಟ್ಸ್‌ನಲ್ಲಿ ಅದೊಂದೇ ಸುಮಾರು 3 ಮಿಲಿಆಂಪ್ ಕುಡಿಯುತ್ತದೆ. ಆಗ ಸೆಲ್ ಮೂರೇ ದಿನ ಬರುತ್ತಿತ್ತು. ಹಾಗಾಗಿ ಚಿಪ್ ಮಲಗುತ್ತಿದೆ. ಮಲಗದೇ ಇರುವುದು ಅದರ ಅಕ್ಕಪಕ್ಕದವರು. ಬೋರ್ಡ್ ಮೇಲೆ ಕೆಂಪು ಪವರ್ ಎಲ್‌ಇಡಿ ಉರಿಯುತ್ತಿದೆಯಾ?

ಬಾಗಿಲು ಕಾಯುವವ

ಉರಿಯುತ್ತಿದೆ ಸರ್. ತುಂಬಾ ಮಂಕಾಗಿದೆ. ಅಷ್ಟಕ್ಕೆ ಏನಾಗುತ್ತದೆ ಅಂದುಕೊಂಡೆ.

ಓಮ್ ಪ್ರಿಯ

ಕೆಂಪು ಎಲ್‌ಇಡಿ ಮೇಲೆ ಸುಮಾರು 1.8 ವೋಲ್ಟ್ ನಿಲ್ಲುತ್ತದೆ. 3ರಲ್ಲಿ ಕಳೆದರೆ 1.2 ಉಳಿಯಿತು. ಅದರ ಜೊತೆಗಿರುವ ರೆಸಿಸ್ಟರ್ 1 ಕಿಲೋಓಮ್ ಇದ್ದರೆ 1.2 ಮಿಲಿಆಂಪ್. ನಿಮ್ಮ ಕಳ್ಳ ಸಿಕ್ಕಿದ. ಎಲ್‌ಇಡಿಯನ್ನಾಗಲಿ, ಅದರ ರೆಸಿಸ್ಟರನ್ನಾಗಲಿ ಕಿತ್ತು ಹಾಕಿ.

ಹಳೇ ಜಂಪರ್

ಸಿಕ್ಕಿದ್ದು ದೊಡ್ಡ ಕಳ್ಳ ಮಾತ್ರ. ಚಿಲ್ಲರೆ ಕಳ್ಳರು ಇನ್ನೂ ಒಳಗೇ ಇದ್ದಾರೆ. ಎಲ್‌ಇಡಿ ತೆಗೆದ ಮೇಲೆ ಅಳೆದು ಹೇಳಿ. ಒಂದು ಮಾತು ನೆನಪಿಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲ ರೀಡಿಂಗ್ ಬರೆದಿಡಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಎಷ್ಟು ಇಳಿಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಬಾಗಿಲು ಕಾಯುವವ

ಎಲ್‌ಇಡಿ ಕಿತ್ತೆ. ಈಗ ಹೊಸ ತಲೆನೋವು. ಮೀಟರನ್ನು ಮಿಲಿಆಂಪ್ ರೇಂಜ್‌ನಲ್ಲಿಟ್ಟರೆ 0.3 ಮತ್ತು 0.4ರ ನಡುವೆ ಏನೋ ತೋರಿಸುತ್ತದೆ. ಮೈಕ್ರೋಆಂಪ್ ರೇಂಜ್‌ಗೆ ತಿರುಗಿಸಿದರೆ ಬೋರ್ಡ್ ಶುರುವೇ ಆಗುವುದಿಲ್ಲ, ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಮೀಟರ್ ಕೆಟ್ಟಿದೆಯಾ?

ಓಮ್ ಪ್ರಿಯ

ಮೀಟರ್ ಚೆನ್ನಾಗಿಯೇ ಇದೆ. ಕರೆಂಟ್ ಅಳೆಯುವಾಗ ಅದು ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ಟು, ಅದರ ಮೇಲಿನ ವೋಲ್ಟೇಜ್ ನೋಡುತ್ತದೆ. ಮೈಕ್ರೋಆಂಪ್ ರೇಂಜ್‌ನಲ್ಲಿ ಈ ರೆಸಿಸ್ಟರ್ ಸಾಮಾನ್ಯವಾಗಿ 100 ಓಮ್ ಆಸುಪಾಸು. ಮಲಗಿದಾಗ ತೊಂದರೆಯಿಲ್ಲ. ಆದರೆ ಶುರುವಿನಲ್ಲಿ ರೇಡಿಯೋ 12 ಮಿಲಿಆಂಪ್ ಎಳೆದರೆ ಮೀಟರ್ ಒಳಗೇ 1.2 ವೋಲ್ಟ್ ಹೋಯಿತು. ಬೋರ್ಡ್‌ಗೆ ಉಳಿದದ್ದು 1.8. ರೇಡಿಯೋಗೆ ಕಡಿಮೆ ಅಂದರೂ 1.9 ಬೇಕು.

ಉಪಾಯ ಸುಲಭ. ಮೀಟರ್‌ನ ಎರಡು ಕಡ್ಡಿಗಳ ನಡುವೆ ಒಂದು ತಂತಿ ಹಾಕಿ ಶಾರ್ಟ್ ಮಾಡಿ. ಬೋರ್ಡ್ ಎದ್ದು, ಪ್ಯಾಕೆಟ್ ಕಳಿಸಿ, ಮಲಗುವವರೆಗೆ ಕಾಯಿರಿ. ಆಮೇಲೆ ತಂತಿ ಎತ್ತಿ. ರೀಡಿಂಗ್ ಬರೆದುಕೊಂಡು, ಬಾಗಿಲು ಅಲುಗಿಸುವ ಮುಂಚೆ ತಂತಿ ಮತ್ತೆ ಹಾಕಿ.

ಸೋಲ್ಡರ್ ಹೊಗೆ

ಮೀಟರ್ ಮೇಲೆ ನಂಬಿಕೆ ಇಲ್ಲದಿದ್ದರೆ ಕೆಪ್ಯಾಸಿಟರ್ ದಾರಿಯೂ ಇದೆ. 1000 ಮೈಕ್ರೋಫ್ಯಾರಡ್‌ನದ್ದನ್ನು ಸೆಲ್ ಜೊತೆ ಸೇರಿಸಿ ತುಂಬಿಸಿ. ಬೋರ್ಡ್ ಮಲಗಿದ ಮೇಲೆ ಸೆಲ್ ತೆಗೆಯಿರಿ. ವೋಲ್ಟೇಜ್ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಅಂತ ಗಡಿಯಾರ ಹಿಡಿದು ನೋಡಿ. 60 ಸೆಕೆಂಡಿಗೆ 0.3 ವೋಲ್ಟ್ ಇಳಿದರೆ 5 ಮೈಕ್ರೋಆಂಪ್. ಮೊದಲು ಬೋರ್ಡ್ ಇಲ್ಲದೆ ಬರೀ ಕೆಪ್ಯಾಸಿಟರ್ ತಾನಾಗಿ ಎಷ್ಟು ಸೋರುತ್ತದೆ ನೋಡಿ, ಅಷ್ಟನ್ನು ಕಳೆಯಿರಿ. ನಾನು ಅದನ್ನು ಮರೆತು ಒಂದು ವಾರ ಇಲ್ಲದ ತಪ್ಪು ಹುಡುಕಿದ್ದೇನೆ.

ಬಾಗಿಲು ಕಾಯುವವ

ತಂತಿ ಉಪಾಯ ಕೆಲಸ ಮಾಡಿತು. ಬಾಗಿಲು ಮುಚ್ಚಿದ್ದು, ಚಿಪ್ ಮಲಗಿದ್ದು: 365 ಮೈಕ್ರೋಆಂಪ್.

ಹಳೇ ಜಂಪರ್

ಈಗ ಶುರು. ಮಲಗುವ ಮುಂಚೆ ಎಡಿಸಿ, ಅಂದರೆ ವೋಲ್ಟೇಜ್ ಅಳೆದು ಸಂಖ್ಯೆ ಮಾಡುವ ಭಾಗ, ಆರಿಸುತ್ತೀರಾ? ಪವರ್-ಡೌನ್ ಅಂದರೆ ಎಲ್ಲವೂ ತಾನೇ ಆರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಕ್ಲಾಕ್ ನಿಲ್ಲುತ್ತದೆ ನಿಜ. ಆದರೆ ಎಡಿಸಿಯ ಅನಲಾಗ್ ಭಾಗಕ್ಕೆ ಕ್ಲಾಕ್ ಜೊತೆ ಸಂಬಂಧ ಇಲ್ಲ. ಅದರ ಎನೇಬಲ್ ಬಿಟ್ 1 ಇದ್ದರೆ ರಾತ್ರಿಯಿಡೀ ದೀಪ ಹಚ್ಚಿಕೊಂಡು ಕೂತಿರುತ್ತದೆ. ಆರ್ಡುಯಿನೋದ ಶುರುವಿನ ಕೋಡ್ ನಿಮಗೆ ಹೇಳದೆಯೇ ಆ ಬಿಟ್ ಹಾಕಿರುತ್ತದೆ. ಮಲಗುವ ಮುಂಚೆ ಆ ಬಿಟ್ ಇರುವ ಎಡಿಸಿಎಸ್‌ಆರ್‌ಎ ರಿಜಿಸ್ಟರ್‌ಗೆ 0 ಬರೆಯಿರಿ.

ರೇಡಿಯೋ ಕಥೆ ಏನು? ಕಳಿಸಿದ ಮೇಲೆ ಪವರ್-ಡೌನ್ ಆಜ್ಞೆ ಕೊಡುತ್ತೀರಾ, ಸುಮ್ನೆ ಬಿಡುತ್ತೀರಾ?

ಬಾಗಿಲು ಕಾಯುವವ

ಎರಡೂ ಮಾಡಿರಲಿಲ್ಲ. ಈಗ ಒಂದೊಂದಾಗಿ ಮಾಡಿದೆ. ಎಡಿಸಿ ಆರಿಸಿದ ಮೇಲೆ 160. ರೇಡಿಯೋಗೆ ಪವರ್-ಡೌನ್ ಹೇಳಿದ ಮೇಲೆ 135.

ಒಂದೇ ಸಾಲಿಗೆ 205 ಮೈಕ್ರೋಆಂಪ್ ಹೋಯಿತು ಅಂದರೆ ನಂಬಲಾಗುತ್ತಿಲ್ಲ.

ಓಮ್ ಪ್ರಿಯ

ರೇಡಿಯೋದ್ದು ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಸ್ಟ್ಯಾಂಡ್‌ಬೈನಲ್ಲಿ ಅದಕ್ಕೆ 26 ಮೈಕ್ರೋಆಂಪ್, ಪವರ್-ಡೌನ್‌ನಲ್ಲಿ 0.9. ಇಳಿದದ್ದು 25.

ನಿದ್ದೆಗಣ್ಣು

ನಡುವೆ ಬಾಯಿ ಹಾಕುತ್ತೇನೆ, ಬೇಸರ ಬೇಡ. ಇಷ್ಟು ಒದ್ದಾಡುವ ಬದಲು ಎಂಎಸ್‌ಪಿ430 ಅನ್ನುವ ಬೇರೆ ಚಿಪ್‌ಗೆ ಬನ್ನಿ. ನಾನು ಅದರಲ್ಲಿ ಜಿ2553 ಬಳಸುತ್ತೇನೆ. ಅದರ ನಿದ್ದೆಯ ಮೋಡ್ ಎಲ್‌ಪಿಎಂ3ರಲ್ಲಿ ಒಳಗಿನ ನಿಧಾನದ ಆಸಿಲೇಟರ್ ಓಡುತ್ತಿದ್ದರೂ ಅರ್ಧ ಮೈಕ್ರೋಆಂಪ್. ಏಳಲು 1 ಮೈಕ್ರೋಸೆಕೆಂಡ್‌ಗಿಂತ ಕಡಿಮೆ. ಕಡಿಮೆ ಕರೆಂಟ್‌ಗೆ ಅಂತಲೇ ಹುಟ್ಟಿದ ಚಿಪ್ ಅದು.

ಹಳೇ ಜಂಪರ್

ಚಿಪ್ ಒಳ್ಳೆಯದೇ, ನಾನೂ ಬಳಸಿದ್ದೇನೆ. ಆದರೆ ಇವರ 135ರಲ್ಲಿ ಚಿಪ್‌ನ ಪಾಲು ಎಷ್ಟು ಅಂತ ಮೊದಲು ನೋಡೋಣ. ಆ ಎಲ್‌ಇಡಿ ನಿಮ್ಮ ಬೋರ್ಡ್‌ನಲ್ಲಿದ್ದರೂ 1.2 ಮಿಲಿಆಂಪ್ ತಿನ್ನುತ್ತಿತ್ತು. ಈಗ ನಾನು ಕೇಳಲಿರುವ ಪ್ರಶ್ನೆಯ ಉತ್ತರವೂ ಎರಡೂ ಚಿಪ್‌ಗೆ ಒಂದೇ.

ಬಾಗಿಲು ಕಾಯುವವರೇ, ರೀಡ್ ಸ್ವಿಚ್ ಹೇಗೆ ಜೋಡಿಸಿದ್ದೀರಿ?

ಬಾಗಿಲು ಕಾಯುವವ

ಒಂದು ಕಾಲು ಡಿ3 ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ಚಿಪ್ ಒಳಗಿನ ಪುಲ್-ಅಪ್ (ಪಿನ್ ಅನ್ನು ವಿಸಿಸಿ ಕಡೆಗೆ ಎಳೆಯುವ ರೆಸಿಸ್ಟರ್) ಆನ್ ಮಾಡಿದ್ದೇನೆ. ಅಯಸ್ಕಾಂತ ಹತ್ತಿರ ಬಂದರೆ ಸ್ವಿಚ್ ಮುಚ್ಚಿಕೊಳ್ಳುತ್ತದೆ.

ಹಳೇ ಜಂಪರ್

ಬಾಗಿಲು ದಿನದಲ್ಲಿ ಎಷ್ಟು ಹೊತ್ತು ಮುಚ್ಚಿರುತ್ತದೆ?

ಬಾಗಿಲು ಕಾಯುವವ

ಹೆಚ್ಚುಕಮ್ಮಿ ಇಡೀ ದಿನ... ಓ! ಮುಚ್ಚಿದ್ದರೆ ಸ್ವಿಚ್ ಕೂಡ ಮುಚ್ಚಿರುತ್ತದೆ. ಪುಲ್-ಅಪ್‌ನಿಂದ ಗ್ರೌಂಡ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ!

ಓಮ್ ಪ್ರಿಯ

ಹೌದು. ಒಳಗಿನ ಪುಲ್-ಅಪ್ 20ರಿಂದ 50 ಕಿಲೋಓಮ್ ನಡುವೆ ಎಲ್ಲಾದರೂ ಇರುತ್ತದೆ. 36 ಅಂದುಕೊಂಡರೆ 3 ವೋಲ್ಟ್‌ಗೆ 83 ಮೈಕ್ರೋಆಂಪ್. ನಿದ್ದೆಗಣ್ಣು ಅವರೇ, ನಿಮ್ಮ ಜಿ2553ರಲ್ಲೂ ಪುಲ್-ಅಪ್ ಅದೇ 20ರಿಂದ 50ರ ಒಳಗೇ. ನಿಮ್ಮ ಅರ್ಧ ಮೈಕ್ರೋಆಂಪ್ ಇದರಲ್ಲಿ ಕಾಣಿಸುವುದೂ ಇಲ್ಲ.

ನಿದ್ದೆಗಣ್ಣು

ಒಪ್ಪಿದೆ. ಬಾಯಿ ಮುಚ್ಚಿಕೊಂಡೆ. ಸ್ವಿಚ್ ಅಲ್ಲ ಪುಣ್ಯಕ್ಕೆ.

ಸೋಲ್ಡರ್ ಹೊಗೆ

ಮುಚ್ಚಿದ್ದು ಗೊತ್ತಾದ ಕೂಡಲೇ ಕೋಡ್‌ನಲ್ಲಿ ಪುಲ್-ಅಪ್ ಆರಿಸಿಬಿಟ್ಟರೆ?

ಹಳೇ ಜಂಪರ್

ಆರಿಸಿದರೆ ಬಾಗಿಲು ತೆರೆದಾಗ ಪಿನ್ ಅನ್ನು ಮೇಲಕ್ಕೆ ಎಳೆಯುವವರು ಯಾರು? ಸ್ವಿಚ್ ಬಿಟ್ಟುಕೊಂಡಿತು, ಪಿನ್ ಎಲ್ಲೂ ಸೇರದೆ ತೇಲುತ್ತದೆ. ಇಂಟರಪ್ಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಾಚ್‌ಡಾಗ್‌ನಿಂದ ಆಗಾಗ ಎದ್ದು, ಪುಲ್-ಅಪ್ ಒಂದು ಕ್ಷಣ ಆನ್ ಮಾಡಿ ಓದಿ ಮತ್ತೆ ಆರಿಸಬಹುದು. ಆದರೆ ಸುದ್ದಿ ತಡವಾಗುತ್ತದೆ.

ಇಲ್ಲಿ ಎರಡು ಒಳ್ಳೆಯ ದಾರಿ ಇವೆ. ಒಂದು, ಅಯಸ್ಕಾಂತ ಹತ್ತಿರ ಬಂದರೆ ತೆರೆದುಕೊಳ್ಳುವ ರೀಡ್ ಸ್ವಿಚ್ ಹಾಕುವುದು. ಅದೇ ಸರಿಯಾದ ಮದ್ದು. ಎರಡು, ಒಳಗಿನ ಪುಲ್-ಅಪ್ ಬಿಟ್ಟು ಹೊರಗೆ 1 ಮೆಗಾಓಮ್ ಹಾಕುವುದು. 3 ಮೈಕ್ರೋಆಂಪ್‌ಗೆ ಇಳಿಯುತ್ತದೆ. ಅಷ್ಟು ದೊಡ್ಡ ರೆಸಿಸ್ಟರ್ ಇಟ್ಟರೆ ಉದ್ದ ತಂತಿ ಆಂಟೆನಾ ಆಗುತ್ತದೆ, ಆದ್ದರಿಂದ ಪಿನ್ ಪಕ್ಕದಲ್ಲೇ 10 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಇರಲಿ. 10 ಮಿಲಿಸೆಕೆಂಡ್ ಆಸುಪಾಸಿನ ಫಿಲ್ಟರ್ ಸಿಗುತ್ತದೆ. ಸ್ವಿಚ್‌ನ ನಡುಕವೂ ಸ್ವಲ್ಪ ತಣಿಯುತ್ತದೆ.

ಹೊಸಬಳು

10 ಮೆಗಾಓಮ್ ಹಾಕಿದರೆ 0.3 ಮೈಕ್ರೋಆಂಪ್ ಆಗುತ್ತದಲ್ವಾ? ಇನ್ನೂ ಒಳ್ಳೆಯದಲ್ಲವೇ?

ಓಮ್ ಪ್ರಿಯ

ಕಾಗದದ ಮೇಲೆ ಒಳ್ಳೆಯದು ಮೇಡಂ. ಆದರೆ ಪಿನ್ ಕೂಡ ಒಂಚೂರು ಸೋರುತ್ತದೆ. ಡೇಟಾಶೀಟ್ ಗರಿಷ್ಠ 1 ಮೈಕ್ರೋಆಂಪ್ ಎನ್ನುತ್ತದೆ. ನಿಜದಲ್ಲಿ ಅದಕ್ಕಿಂತ ಬಹಳ ಕಡಿಮೆಯೇ ಇರುತ್ತದೆ. ಆದರೂ ಆ ಗರಿಷ್ಠ ಬಂದರೆ 1 ಮೆಗಾಓಮ್ ಮೇಲೆ 1 ವೋಲ್ಟ್ ಬೀಳುತ್ತದೆ, ಪಿನ್ 2 ವೋಲ್ಟ್‌ನಲ್ಲಿ ಉಳಿಯುತ್ತದೆ, ಹೇಗೋ ನಡೆಯುತ್ತದೆ. 10 ಮೆಗಾಓಮ್‌ನಲ್ಲಿ ಪಿನ್ ಮೇಲೆ ಏಳುವುದೇ ಇಲ್ಲ. ಬೋರ್ಡ್ ಮೇಲೆ ಧೂಳು, ತೇವ ಕೂತರೆ ಕಥೆ ಇನ್ನೂ ಕೆಡುತ್ತದೆ.

ಬಾಗಿಲು ಕಾಯುವವ

ಎರಡು ದಿನ ಬಿಟ್ಟು ಬಂದೆ. ಮೊದಲು ಬೋರ್ಡ್‌ನ ವೋಲ್ಟೇಜ್ ರೆಗ್ಯುಲೇಟರ್ ಕಿತ್ತೆ. ವಿಸಿಸಿಗೆ ನೇರವಾಗಿ ಕೊಡುತ್ತಿರುವಾಗ ಅದಕ್ಕೆ ಕೆಲಸವೇ ಇಲ್ಲ, ಹಿಂದಿನಿಂದ ಸುಮ್ನೆ ಕರೆಂಟ್ ನುಂಗುತ್ತಿತ್ತು. 135 ಇದ್ದದ್ದು 106. ಆಮೇಲೆ 1 ಮೆಗಾಓಮ್ ಹಾಕಿದೆ, 26. ನೋಡಿ ಕುಣಿದಾಡಿದೆ!

ಹಳೇ ಜಂಪರ್

26ರಲ್ಲಿ 3 ಪುಲ್-ಅಪ್‌ದು. 1 ರೇಡಿಯೋದ್ದು. ವಾಚ್‌ಡಾಗ್‌ಗೆ 3 ವೋಲ್ಟ್‌ನಲ್ಲಿ ಸುಮಾರು 4. ಉಳಿದ 18 ಯಾರದ್ದು? ಬ್ರೌನ್-ಔಟ್ ಡಿಟೆಕ್ಟರ್. ವೋಲ್ಟೇಜ್ ಬಿದ್ದರೆ ಚಿಪ್ ಅನ್ನು ರೀಸೆಟ್‌ನಲ್ಲಿ ಹಿಡಿಯುವ ಕಾವಲುಗಾರ ಅದು. ಇಡೀ ಹೊತ್ತು ಎಚ್ಚರವಾಗಿರುತ್ತದೆ.

ಫ್ಯೂಸ್‌ನಲ್ಲಿ (ಚಿಪ್‌ನ ಖಾಯಂ ಸೆಟ್ಟಿಂಗ್ ಬಿಟ್‌ಗಳಲ್ಲಿ) ಅದನ್ನು ಪೂರ್ತಿ ಆರಿಸಬೇಡಿ. ಸೆಲ್ ಮುದಿಯಾದಾಗ ಚಿಪ್ ಅರೆಪ್ರಜ್ಞೆಯಲ್ಲಿ ಏನೇನೋ ಕೋಡ್ ಓಡಿಸಿ ಈಪ್ರಾಮ್ (ಕರೆಂಟ್ ಹೋದರೂ ಉಳಿಯುವ ನೆನಪು) ಕೆಡಿಸಬಹುದು. 328ಪಿಯಲ್ಲಿ, ಆ ಕೊನೆಯ "ಪಿ" ಇರುವುದರಲ್ಲಿ ಮಾತ್ರ, ಮಲಗುವ ಹೊತ್ತಿಗಷ್ಟೇ ಆರಿಸುವ ಸೌಲಭ್ಯ ಇದೆ. ಬಿಒಡಿಎಸ್ ಬಿಟ್ ಹಾಕಿ, ಮೂರು ಕ್ಲಾಕ್ ಒಳಗೆ ಸ್ಲೀಪ್ ಆಜ್ಞೆ ಕೊಡಬೇಕು. ಎದ್ದ ಕೂಡಲೇ ಕಾವಲುಗಾರ ತಾನಾಗಿ ಮತ್ತೆ ಕೆಲಸಕ್ಕೆ ಬರುತ್ತಾನೆ. ಎವಿಆರ್ (328ಪಿ ಸೇರಿದ ಚಿಪ್ ಕುಟುಂಬ) ಲೈಬ್ರರಿಯಲ್ಲಿ ಇದಕ್ಕೆ ಸಿದ್ಧ ಮ್ಯಾಕ್ರೋ ಇದೆ, ಅದನ್ನೇ ಬಳಸಿ. ನಡುವೆ ಪ್ರಿಂಟ್ ಸಾಲು ತುರುಕಿದರೆ ಆ ಮೂರು ಕ್ಲಾಕ್ ಕಳೆದುಹೋಗುತ್ತದೆ, ಡಿಟೆಕ್ಟರ್ ಆರುವುದೇ ಇಲ್ಲ.

ಇನ್ನೊಂದು. ನಿಮ್ಮ ಬೋರ್ಡ್‌ನಲ್ಲಿ ಬ್ರೌನ್-ಔಟ್ ಮಟ್ಟ ಬಹುಶಃ 2.7 ವೋಲ್ಟ್‌ಗೆ ಇದೆ. ಕಾಯಿನ್ ಸೆಲ್‌ಗೆ ಅದು ಜಾಸ್ತಿ ಆಯಿತು. 1.8ಕ್ಕೆ ಇಳಿಸಿ. ಆದರೆ 8 ಮೆಗಾಹರ್ಟ್ಸ್‌ಗೆ ಕನಿಷ್ಠ 2.4 ವೋಲ್ಟ್ ಬೇಕು, ಆದ್ದರಿಂದ ಕೋಡ್‌ನಲ್ಲೇ ಅಳೆದು 2.4ಕ್ಕೆ "ಸೆಲ್ ಬದಲಿಸಿ" ಅಂತ ಹೇಳಿಸಿ.

ಸೋಲ್ಡರ್ ಹೊಗೆ

ಫ್ಯೂಸ್ ಮುಟ್ಟುವವರಿಗೆ ನನ್ನ ಅನುಭವ. ಬ್ರೌನ್-ಔಟ್ ಬದಲಿಸಲು ಹೋಗಿ ಕ್ಲಾಕ್ ಫ್ಯೂಸನ್ನು ಹೊರಗಿನ ಕ್ರಿಸ್ಟಲ್‌ಗೆ ಇಟ್ಟೆ. ಬೋರ್ಡ್‌ನಲ್ಲಿ ಕ್ರಿಸ್ಟಲ್ಲೇ ಇರಲಿಲ್ಲ. ಚಿಪ್ ಕಲ್ಲಾಯಿತು. ಪ್ರೋಗ್ರಾಮರ್ ಏನು ಕೇಳಿದರೂ ಉತ್ತರವಿಲ್ಲ. ಎಸೆಯುವವನಿದ್ದೆ. ಆಮೇಲೆ ಇನ್ನೊಂದು ಆರ್ಡುಯಿನೋದಿಂದ ಚೌಕ ತರಂಗ ತಯಾರಿಸಿ, 28 ಕಾಲಿನ ಚಿಪ್‌ನ 9ನೇ ಕಾಲಿಗೆ, ಅಂದರೆ ಎಕ್ಸ್‌ಟಾಲ್1ಕ್ಕೆ ಕೊಟ್ಟೆ. ಎದ್ದು ಕೂತಿತು! ಆಗ ಫ್ಯೂಸ್ ವಾಪಸ್ ಸರಿ ಮಾಡಿದೆ. ರೀಸೆಟ್ ಪಿನ್ ಆರಿಸುವ ಫ್ಯೂಸ್ ಮಾತ್ರ ಕೈ ತಪ್ಪಿಯೂ ಮುಟ್ಟಬೇಡಿ. ಅದಕ್ಕೆ 12 ವೋಲ್ಟ್‌ನ ಬೇರೆ ಪ್ರೋಗ್ರಾಮರೇ ಬೇಕು.

ಹೊಸಬಳು

ಇಲ್ಲಿ ಎಂಎಸ್‌ಪಿ430 ಗೊತ್ತಿರುವವರು ಇದ್ದೀರಲ್ಲ, ನನ್ನದೂ ಒಂದು ಪ್ರಶ್ನೆ. ಲಾಂಚ್‌ಪ್ಯಾಡ್ ಬೋರ್ಡ್‌ನಲ್ಲಿ ಜಿ2553 ಇದೆ. ಮೇನ್ ಲೂಪ್‌ನಲ್ಲಿ ಎಲ್‌ಪಿಎಂ3ಕ್ಕೆ ಹೋಗುತ್ತೇನೆ, ಟೈಮರ್ ಇಂಟರಪ್ಟ್ ಎಬ್ಬಿಸಬೇಕು. ಇಂಟರಪ್ಟ್ ಒಳಗಿನ ಎಲ್‌ಇಡಿ ಮಿನುಗುತ್ತದೆ. ಆದರೆ ಮೇನ್ ಲೂಪ್‌ನಲ್ಲಿ ಮುಂದಿನ ಸಾಲು ಓಡುವುದೇ ಇಲ್ಲ.

ನಿದ್ದೆಗಣ್ಣು

ಅಬ್ಬಾ, ನನಗೂ ಕೆಲಸ ಸಿಕ್ಕಿತು. ಮೇಡಂ, ಎಂಎಸ್‌ಪಿ430ರಲ್ಲಿ ನಿದ್ದೆ ಅಂದರೆ ಸ್ಟೇಟಸ್ ರಿಜಿಸ್ಟರ್‌ನ ಕೆಲವು ಬಿಟ್‌ಗಳು, ಅಷ್ಟೇ. ಇಂಟರಪ್ಟ್ ಬಂದಾಗ ಚಿಪ್ ಆ ರಿಜಿಸ್ಟರನ್ನು ಸ್ಟ್ಯಾಕ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಇಟ್ಟು, ನಿದ್ದೆ ಬಿಟ್‌ಗಳನ್ನು ಅಳಿಸಿ ನಿಮ್ಮ ಇಂಟರಪ್ಟ್ ಕೋಡ್ ಓಡಿಸುತ್ತದೆ. ಮುಗಿದ ಮೇಲೆ ಸ್ಟ್ಯಾಕ್‌ನಿಂದ ಹಳೆಯದನ್ನೇ ವಾಪಸ್ ತೆಗೆಯುತ್ತದೆ. ಹಳೆಯದರಲ್ಲಿ ನಿದ್ದೆ ಬಿಟ್ ಇದ್ದೇ ಇದೆ. ಹಾಗಾಗಿ ಹೊದಿಕೆ ಎಳೆದುಕೊಂಡು ಮತ್ತೆ ಮಲಗುತ್ತದೆ.

ಇಂಟರಪ್ಟ್ ಒಳಗೆ, ಸ್ಟ್ಯಾಕ್‌ನಲ್ಲಿರುವ ಪ್ರತಿಯಲ್ಲೇ ಆ ಬಿಟ್‌ಗಳನ್ನು ಅಳಿಸಬೇಕು. ಕಂಪೈಲರ್ ಕೊಡುವ ಫಂಕ್ಷನ್‌ಗಳಲ್ಲಿ ಹೆಸರಿನ ಕೊನೆಗೆ "ಆನ್ ಎಗ್ಸಿಟ್" ಅಂತ ಇರುವುದು ಅದಕ್ಕೇ. ಹೆಸರು ಹೆಚ್ಚುಕಮ್ಮಿ ಒಂದೇ ಥರ ಇರುವ, ಬಾಲ ಇಲ್ಲದ ಇನ್ನೊಂದು ಫಂಕ್ಷನ್ ಇದೆ. ನೀವು ಅದನ್ನು ಕರೆದಿರುತ್ತೀರಿ. ಅದು ಈಗಿನ ರಿಜಿಸ್ಟರ್ ಅಳಿಸುತ್ತದೆ, ಅದರಿಂದ ಏನೂ ಆಗುವುದಿಲ್ಲ.

ಹಾಗೇ ಇನ್ನೆರಡು ಮಾತು. ಕರೆಂಟ್ ಅಳೆಯುವಾಗ ಲಾಂಚ್‌ಪ್ಯಾಡ್ ನಡುವಿನ ಜಂಪರ್‌ಗಳನ್ನೆಲ್ಲ ಕಿತ್ತು, ವಿಸಿಸಿ ಜಂಪರ್ ಜಾಗದಲ್ಲಿ ಮೀಟರ್ ಇಡಿ. ಸೀರಿಯಲ್ ಜಂಪರ್ ಬಿಟ್ಟರೂ ಅದರ ಮೂಲಕ ಡೀಬಗ್ಗರ್ ಕಡೆಗೆ ಕರೆಂಟ್ ಸೋರುತ್ತದೆ. ಮತ್ತೆ, ಒಳಗಿನ ನಿಧಾನದ ಆಸಿಲೇಟರನ್ನು ಗಡಿಯಾರ ಅಂತ ನಂಬಬೇಡಿ. ಅದರದ್ದು 12 ಕಿಲೋಹರ್ಟ್ಸ್ ಅನ್ನುತ್ತಾರೆ, 4ರಿಂದ 20ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಸಮಯ ಮುಖ್ಯ ಅಂದರೆ 32,768 ಹರ್ಟ್ಸ್‌ನ ಕ್ರಿಸ್ಟಲ್ ಹಾಕಿ.

ಹೊಸಬಳು

ಬಾಲ ಇಲ್ಲದ್ದನ್ನೇ ಕರೆದಿದ್ದೆ! ಸರಿಹೋಯಿತು, ಥ್ಯಾಂಕ್ಸ್.

ಬಾಗಿಲು ಕಾಯುವವ

ಬ್ರೌನ್-ಔಟ್ ಮಲಗುವಾಗ ಆರಿಸಿದೆ. 8 ಮೈಕ್ರೋಆಂಪ್! ಆದರೆ ಒಂದು ವಿಚಿತ್ರ. 8 ನಿಲ್ಲುವುದಿಲ್ಲ. ಬೋರ್ಡ್ ಹತ್ತಿರ ಕೈ ತಂದರೆ ರೀಡಿಂಗ್ 40, 70, ಒಮ್ಮೊಮ್ಮೆ ಮಿಲಿಆಂಪ್‌ಗೇ ಹಾರುತ್ತದೆ. ಕೈ ಹಿಂದೆ ತಂದರೆ 8. ಮುಟ್ಟುತ್ತಲೂ ಇಲ್ಲ. ದೆವ್ವ ಹಿಡಿದ ಹಾಗಿದೆ.

ಸೋಲ್ಡರ್ ಹೊಗೆ

ತೇಲುವ ಪಿನ್. ಬಳಸದ ಪಿನ್‌ಗಳನ್ನು ಇನ್‌ಪುಟ್ ಆಗಿ ಬಿಟ್ಟಿದ್ದೀರಿ. ಪಿನ್ ವೋಲ್ಟೇಜ್ ಅತ್ತ 0 ಅಲ್ಲ, ಇತ್ತ 3 ಅಲ್ಲ, ನಡುವೆ ನಿಂತರೆ ಒಳಗಿನ ಮೇಲಿನ ಟ್ರಾನ್ಸಿಸ್ಟರ್ ಕೆಳಗಿನ ಟ್ರಾನ್ಸಿಸ್ಟರ್ ಎರಡೂ ಅರ್ಧ ತೆರೆದು ನೇರವಾಗಿ ಕರೆಂಟ್ ಹರಿಯುತ್ತದೆ. ನಿಮ್ಮ ಕೈ ಆ ವೋಲ್ಟೇಜ್ ಅಲುಗಿಸುತ್ತದೆ.

ಹಳೇ ಜಂಪರ್

ಹೆಚ್ಚಿನ ಚಿಪ್‌ಗಳಿಗೆ ಈ ಮಾತು ಸರಿ. ಆದರೆ 328ಪಿ ಪವರ್-ಡೌನ್‌ಗೆ ಹೋದಾಗ ಇನ್‌ಪುಟ್ ದಾರಿಯನ್ನೇ ಒಳಗೆ ಕತ್ತರಿಸಿ ಗ್ರೌಂಡ್‌ಗೆ ಕಟ್ಟುತ್ತದೆ. ತೇಲುವ ಪಿನ್‌ನಿಂದ ಅದಕ್ಕೆ ತೊಂದರೆ ಆಗಬಾರದು. ಆಗುತ್ತಿದೆ ಅಂದರೆ ಆ ಪಿನ್‌ಗಳ ದಾರಿ ತೆರೆದೇ ಇದೆ. ತೆರೆದಿರುವುದು ಇಂಟರಪ್ಟ್‌ಗೆ ಅಂತ ಹೇಳಿಟ್ಟ ಪಿನ್‌ಗಳಿಗೆ ಮಾತ್ರ. ನಿಮ್ಮ ಪಿನ್ ಚೇಂಜ್ ಮಾಸ್ಕ್‌ನಲ್ಲಿ (ಯಾವ ಪಿನ್‌ಗಳು ಇಂಟರಪ್ಟ್ ಕೊಡಬೇಕು ಅನ್ನುವ ರಿಜಿಸ್ಟರ್‌ನಲ್ಲಿ) ಏನು ಬರೆದಿದ್ದೀರಿ?

ಬಾಗಿಲು ಕಾಯುವವ

ಪಿಸಿಎಂಎಸ್‌ಕೆ2ಕ್ಕೆ 255 ಬರೆದಿದ್ದೇನೆ. ಎಲ್ಲೋ ನೋಡಿ ನಕಲು ಮಾಡಿದ್ದು.

ಹಳೇ ಜಂಪರ್

255 ಅಂದರೆ ಎಂಟೂ ಪಿನ್. ನಿಮಗೆ ಬೇಕಾದದ್ದು ಒಂದು. ಉಳಿದ ಏಳೂ ಕಿವಿ ತೆರೆದುಕೊಂಡು ಗಾಳಿಯಲ್ಲಿ ತೇಲುತ್ತಿವೆ. ಕೈ ಹತ್ತಿರ ಬಂದಾಗ ಕರೆಂಟ್ ಸೋರುವುದಷ್ಟೇ ಅಲ್ಲ, ಇಂಟರಪ್ಟ್ ಬಂದು ಚಿಪ್ ಏಳುತ್ತಲೂ ಇದೆ. ಮಿಲಿಆಂಪ್‌ಗೆ ಹಾರುವುದು ಅದಕ್ಕೆ. ಡಿ3ರ ಬಿಟ್ ಮಾತ್ರ ಇರಲಿ, 8 ಬರೆಯಿರಿ. ಬಳಸದ ಪಿನ್‌ಗಳನ್ನು ಔಟ್‌ಪುಟ್ ಮಾಡಿ ಕೆಳಗಿಡಿ, ಎಚ್ಚರವಾಗಿದ್ದಾಗಲೂ ಒಳ್ಳೆಯದು.

ನಿದ್ದೆಗಣ್ಣು

ಎಂಎಸ್‌ಪಿ430ರಲ್ಲಿ ನಾವು ಶುರುವಿನಲ್ಲೇ ಎಲ್ಲ ಪಿನ್‌ಗಳನ್ನೂ ಔಟ್‌ಪುಟ್ ಮಾಡಿಬಿಡುತ್ತೇವೆ, ಬೇಕಾದದ್ದನ್ನಷ್ಟೇ ಆಮೇಲೆ ಬದಲಿಸುತ್ತೇವೆ. ಎಸ್‌ಟಿಎಂ32 ಚಿಪ್ ಬಳಸುವವರು ಬಳಸದ ಪಿನ್‌ಗಳನ್ನು ಅನಲಾಗ್ ಮೋಡ್‌ಗೆ ಹಾಕುತ್ತಾರೆ.

ಬಾಗಿಲು ಕಾಯುವವ

8 ಬರೆದೆ, 8 ನಿಂತಿತು. ಕೈ ಅಲ್ಲ, ಇಡೀ ಆಳು ಬಂದರೂ ಅಲುಗುವುದಿಲ್ಲ. 220 ಮಿಲಿಆಂಪ್-ಅವರ್ ಅನ್ನು 8 ಮೈಕ್ರೋಆಂಪ್‌ನಿಂದ ಭಾಗಿಸಿದರೆ 27,500 ಗಂಟೆ. ಮೂರು ವರ್ಷ ಮೇಲೆ!

ಇನ್ನು ಪ್ಯಾಕೆಟ್ ಕಳಿಸುವ ಸಮಯ ಕಡಿಮೆ ಮಾಡಬೇಕು ಅಂತಿದ್ದೇನೆ. ಕ್ಲಾಕ್ 1 ಮೆಗಾಹರ್ಟ್ಸ್‌ಗೆ ಇಳಿಸಿದರೆ ಉಳಿತಾಯ ಆಗುತ್ತದಾ?

ಓಮ್ ಪ್ರಿಯ

ಮೊದಲು ಅಲ್ಲಿ ಉಳಿಸಲು ಏನಾದರೂ ಇದೆಯಾ ನೋಡೋಣ. ಬಾಗಿಲು ದಿನಕ್ಕೆ 40 ಸಲ ತೆರೆದು ಮುಚ್ಚಿತು ಅನ್ನಿ. 80 ಪ್ಯಾಕೆಟ್. ಒಂದಕ್ಕೆ 12 ಮಿಲಿಆಂಪ್, 5 ಮಿಲಿಸೆಕೆಂಡ್. ಇಡೀ ದಿನಕ್ಕೆ ಹಂಚಿದರೆ ಸರಾಸರಿ 0.06 ಮೈಕ್ರೋಆಂಪ್ ಕೂಡ ಆಗುವುದಿಲ್ಲ. ನಿಮ್ಮ ನಿದ್ದೆಯ 8ರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಕೈ ಬಿಡಿ.

ಕ್ಲಾಕ್ ವಿಷಯ: ನಿಧಾನ ಮಾಡಿದರೆ ಕರೆಂಟ್ ಇಳಿಯುತ್ತದೆ, ಆದರೆ ಕೆಲಸವೂ ಎಂಟು ಪಟ್ಟು ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ಪಕ್ಕದಲ್ಲಿ ರೇಡಿಯೋ ಎದ್ದಿರುತ್ತದೆ. ಬೇಗ ಮುಗಿಸಿ ಬೇಗ ಮಲಗುವುದೇ ಮೇಲು.

ಸೋಲ್ಡರ್ ಹೊಗೆ

ಪೂರ್ತಿ ಒಪ್ಪುವುದಿಲ್ಲ. ಚಿಪ್ ಕಾಯುವುದೇ ಕೆಲಸವಾದಾಗ ನಿಧಾನವೇ ವಾಸಿ. ಡಿಎಸ್18ಬಿ20 ತಾಪಮಾನ ಸೆನ್ಸರ್ 12 ಬಿಟ್‌ಗೆ 750 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು 8 ಮೆಗಾಹರ್ಟ್ಸ್‌ನಲ್ಲಿ ಡಿಲೇ ಫಂಕ್ಷನ್ ತಿರುಗಿಸುವುದು ದುಂದು.

ಓಮ್ ಪ್ರಿಯ

ಅಲ್ಲಿ ನಿಧಾನ ಮಾಡುವುದೇಕೆ, ಮಲಗಿಸಿಬಿಡಿ. ಸೆನ್ಸರ್‌ಗೆ "ಅಳೆ" ಅಂತ ಹೇಳಿ, ವಾಚ್‌ಡಾಗ್‌ನಲ್ಲಿ 1 ಸೆಕೆಂಡ್ ಮಲಗಿ, ಎದ್ದು ಓದಿ. ನಿಮಿಷಕ್ಕೊಮ್ಮೆ ಅಳೆದರೆ ಚಿಪ್ ಎಚ್ಚರವಾಗಿ ಕಾಯುವುದೊಂದೇ ಸರಾಸರಿಗೆ 37 ಮೈಕ್ರೋಆಂಪ್ ಸೇರಿಸುತ್ತದೆ. ಅಂದ ಹಾಗೆ ಆ ಸೆನ್ಸರ್‌ಗೆ ಕನಿಷ್ಠ 3.0 ವೋಲ್ಟ್ ಬೇಕು. ಕಾಯಿನ್ ಸೆಲ್ ಜೊತೆ ಕಟ್ಟಬೇಡಿ.

ಬಾಗಿಲು ಕಾಯುವವ

ಒಂದು ವಾರ ಚೆನ್ನಾಗಿತ್ತು. ಈಗ ಎರಡು ದೂರು. ಒಂದು, ಬೆಳಗಿನ ಚಳಿಯಲ್ಲಿ ಕೆಲವು ಪ್ಯಾಕೆಟ್ ಹೋಗುವುದಿಲ್ಲ. ಎರಡು, ಬಾಗಿಲು ಪಟ್ ಅಂತ ತೆರೆದು ಮುಚ್ಚಿದರೆ ಕೆಲವೊಮ್ಮೆ "ಮುಚ್ಚಿತು" ಬರುವುದೇ ಇಲ್ಲ. ಗಂಟೆಯ ಪ್ಯಾಕೆಟ್ ಬಂದಾಗಲೇ ಗೊತ್ತಾಗುವುದು.

ಹಳೇ ಜಂಪರ್

ಮೊದಲನೆಯದು ಸೆಲ್‌ನ ಒಳಗಿನ ರೆಸಿಸ್ಟೆನ್ಸ್. ಚಳಿಗೆ, ವಯಸ್ಸಿಗೆ ಏರುತ್ತದೆ. 30 ಓಮ್ ಇದ್ದರೆ 12 ಮಿಲಿಆಂಪ್‌ಗೆ 0.36 ವೋಲ್ಟ್ ಕುಸಿಯುತ್ತದೆ. ಬ್ರೌನ್-ಔಟ್ ಇನ್ನೂ 2.7ರಲ್ಲೇ ಇದ್ದರೆ ರೇಡಿಯೋ ಬಾಯಿ ತೆರೆದ ಕೂಡಲೇ ರೀಸೆಟ್. ಫ್ಯೂಸ್ ಬದಲಿಸಿದಿರಾ? ಸೋಲ್ಡರ್ ಹೊಗೆಯವರ ಕಥೆ ಕೇಳಿ ಹೆದರಿರಬೇಕು. ಬದಲಿಸಿ, ಜೊತೆಗೆ ರೇಡಿಯೋ ಪಕ್ಕದಲ್ಲಿ 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ.

ಎರಡನೆಯದು ಹಳೇ ಕಾಯಿಲೆ. ನಿಮ್ಮ ಕೋಡ್ ಹೀಗಿರಬೇಕು: ಫ್ಲ್ಯಾಗ್ (ಇಂಟರಪ್ಟ್ ಬಂದಿತ್ತು ಅನ್ನುವ ಗುರುತು) ನೋಡು, ಸುದ್ದಿ ಇಲ್ಲದಿದ್ದರೆ ಮಲಗು. ನೋಡಿದ ಮೇಲೆ, ಮಲಗುವ ಮುಂಚೆ, ಆ ಸಂದಿಯಲ್ಲಿ ಇಂಟರಪ್ಟ್ ಬಂದರೆ? ಅದು ಫ್ಲ್ಯಾಗ್ ಎತ್ತಿ ಹೋಗುತ್ತದೆ, ಚಿಪ್ ಅದನ್ನು ನೋಡದೆ ಮಲಗುತ್ತದೆ. ಆಮೇಲೆ ವಾಚ್‌ಡಾಗ್‌ಗೆ ಎದ್ದಾಗಲೂ ನೀವು ಬರೀ ಎಣಿಸಿ ಮಲಗಿಸುತ್ತಿದ್ದರೆ ಸುದ್ದಿ ಅಲ್ಲೇ ಕೂತಿರುತ್ತದೆ.

ಇಂಟರಪ್ಟ್ ಆರಿಸಿ ಫ್ಲ್ಯಾಗ್ ನೋಡಿ. ಸುದ್ದಿ ಇಲ್ಲದಿದ್ದರೆ ಇಂಟರಪ್ಟ್ ಆನ್ ಮಾಡಿ ಮುಂದಿನ ಆಜ್ಞೆಯೇ ಸ್ಲೀಪ್ ಆಗಿರಲಿ. ಎವಿಆರ್‌ನಲ್ಲಿ ಇಂಟರಪ್ಟ್ ಆನ್ ಮಾಡಿದ ನಂತರದ ಒಂದು ಆಜ್ಞೆ ಮುಗಿಯುವವರೆಗೆ ಕಾದಿರುವ ಇಂಟರಪ್ಟ್ ಒಳಗೆ ಬರುವುದಿಲ್ಲ. ಆದ್ದರಿಂದ ಚಿಪ್ ಮಲಗುತ್ತದೆ, ತಕ್ಷಣ ಏಳುತ್ತದೆ. ಸಂದಿ ಮುಚ್ಚಿತು. ಫ್ಲ್ಯಾಗ್ ವೋಲಟೈಲ್, ಅಂದರೆ ಪ್ರತಿ ಸಲ ಹೊಸದಾಗಿ ಓದು, ಅಂತ ಕಂಪೈಲರ್‌ಗೆ ಹೇಳಿದ್ದೀರಿ ತಾನೇ?

ನಿದ್ದೆಗಣ್ಣು

ನಮ್ಮಲ್ಲಿ ಇಂಟರಪ್ಟ್ ಬಿಟ್, ನಿದ್ದೆ ಬಿಟ್ ಎರಡೂ ಒಂದೇ ರಿಜಿಸ್ಟರ್‌ನಲ್ಲಿವೆ. ಒಂದೇ ಆಜ್ಞೆಗೆ ಎರಡೂ ಹಾಕಬಹುದು. ಸುಮ್ನೆ ಹೇಳಿದೆ.

ಬಾಗಿಲು ಕಾಯುವವ

ಎಲ್ಲ ಮಾಡಿದೆ. ಮುಚ್ಚಿದ್ದು ಈಗ ತಪ್ಪುತ್ತಿಲ್ಲ. ಫ್ಯೂಸ್ ಬದಲಿಸುವಾಗ ಕೈ ನಡುಗಿತು, ಆದರೆ ಚಿಪ್ ಬದುಕಿದೆ.

ಕೆಪ್ಯಾಸಿಟರ್ ಹಾಕಿದ ಕೂಡಲೇ ಮಾತ್ರ 8 ಇದ್ದದ್ದು 21 ಆಯಿತು. ಎಲೆಕ್ಟ್ರೋಲಿಟಿಕ್. ಅರ್ಧ ಗಂಟೆ ಬಿಟ್ಟು ನೋಡಿದರೆ 9. ಅದು ತುಂಬಿಕೊಂಡು ಒಳಪದರ ಸರಿಮಾಡಿಕೊಳ್ಳುವವರೆಗೆ ಸೋರುತ್ತದೆ ಅಂತ ಈಗ ಓದಿದೆ. ಸೆಲ್ ಎಷ್ಟು ಉಳಿದಿದೆ ಅಂತ ಚಿಪ್ಪೇ ಹೇಳಲಿ ಅಂದರೆ ಎರಡು 10 ಕಿಲೋಓಮ್ ರೆಸಿಸ್ಟರ್ ಹಾಕಿ ಎಡಿಸಿಗೆ ಕೊಡಲಾ?

ಓಮ್ ಪ್ರಿಯ

ಅಯ್ಯೋ ಬೇಡ. 3 ವೋಲ್ಟ್‌ಗೆ 20 ಕಿಲೋಓಮ್ ಅಂದರೆ 150 ಮೈಕ್ರೋಆಂಪ್, ಹಗಲೂ ರಾತ್ರಿ. ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಚಿಪ್ ಒಳಗೆ 1.1 ವೋಲ್ಟ್‌ನ ಸ್ಥಿರ ರೆಫರೆನ್ಸ್ ಇದೆ. ವಿಸಿಸಿಯನ್ನೇ ಅಳತೆಗೋಲು ಮಾಡಿ ಅದನ್ನು ಅಳೆಯಿರಿ. 1.1 ಅನ್ನು 1024ರಿಂದ ಗುಣಿಸಿ ಬಂದ ರೀಡಿಂಗ್‌ನಿಂದ ಭಾಗಿಸಿದರೆ ವಿಸಿಸಿ. ರೀಡಿಂಗ್ 375 ಬಂದರೆ 3.0 ವೋಲ್ಟ್. ಹೊರಗೆ ಒಂದು ಬಿಡಿಭಾಗವೂ ಬೇಡ. ಆ 1.1 ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಬದಲಾಗುತ್ತದೆ, ಒಂದು ಸಲ ಮೀಟರ್ ಜೊತೆ ತಾಳೆ ನೋಡಿ ಸರಿಯಾದ ಸಂಖ್ಯೆ ಕೋಡ್‌ನಲ್ಲಿ ಬರೆಯಿರಿ. ಎಡಿಸಿ ಎಬ್ಬಿಸಿದ ಮೇಲಿನ ಮೊದಲ ಒಂದೆರಡು ರೀಡಿಂಗ್ ಬಿಸಾಕಿ.

ಹಳೇ ಜಂಪರ್

ಅಳೆಯುವುದು ಯಾವಾಗ ಅನ್ನುವುದೂ ಮುಖ್ಯ. ಲಿಥಿಯಂ ಕಾಯಿನ್ ಸೆಲ್ ಆಯುಷ್ಯದ ಬಹುಪಾಲು 3 ವೋಲ್ಟ್ ಹತ್ತಿರವೇ ನಿಂತಿರುತ್ತದೆ. ವಿಶ್ರಾಂತಿಯಲ್ಲಿ ಅಳೆದರೆ ಸಾಯುವ ಹಿಂದಿನ ದಿನವೂ ಆರಾಮಾಗಿದ್ದೇನೆ ಅನ್ನುತ್ತದೆ. ಪ್ಯಾಕೆಟ್ ಕಳಿಸಿದ ಮರುಕ್ಷಣ, ವೋಲ್ಟೇಜ್ ಇನ್ನೂ ಕುಸಿದಿರುವಾಗ ಅಳೆಯಿರಿ. ಆ ಸಂಖ್ಯೆಯನ್ನು ಮುಂದಿನ ಪ್ಯಾಕೆಟ್‌ನಲ್ಲಿ ಸೇರಿಸಿ.

ಬಾಗಿಲು ಕಾಯುವವ

ಹಾಗೇ ಮಾಡಿದೆ ಸರ್. ಈಗ ಕಳಿಸಿದ ಮೇಲೆ 2.86 ತೋರಿಸುತ್ತಿದೆ.

ಅಂದ ಹಾಗೆ ನಿನ್ನೆ ಮಳೆ ಬಂದಾಗ ಸುಮ್ನೆ ಮೀಟರ್ ಹಿಡಿದೆ, 9 ಇದ್ದದ್ದು 12 ಆಗಿತ್ತು. 1 ಮೆಗಾಓಮ್ ರೆಸಿಸ್ಟರ್ ಸುತ್ತ ನಾನು ಸೋಲ್ಡರ್ ಮಾಡಿದ ಫ್ಲಕ್ಸ್ ಹಾಗೇ ಅಂಟಿಕೊಂಡಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದೆ. ಒಣಗಿದ ಮೇಲೆ ಮತ್ತೆ 9.